ನೀರುಬ್ರಾಹ್ಮಿ ಸಸ್ಯವನ್ನು ಗುರುತಿಸುವ ವಿಧಾನ: ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ

ಔಷಧಿ ಸಸ್ಯಗಳ ಬೇಸಾಯಕ್ಕೆ ನೆರವು, ಸಸಿಗಳ ಪೂರೈಕೆ ಅಥವಾ ತಾಂತ್ರಿಕ ಸಲಹೆ ಕೋರಿ ಸಲ್ಲಿಕೆಯಾಗುವ ಅರ್ಜಿಗಳಲ್ಲಿ, ಬೆಳೆಯ ಹೆಸರಿನ ಕಾಲಂನಲ್ಲಿ "ಬ್ರಾಹ್ಮಿ" ಎಂದಷ್ಟೇ ನಮೂದಿಸುವುದು ವಾಡಿಕೆಯಾಗಿದೆ. ಸದರಿ ಪದವು ನಮ್ಮ ನಾಡಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಸ್ಯಗಳಿಗೆ ಬಳಕೆಯಲ್ಲಿದೆ. ಯಾವ ಸಸ್ಯವೆಂಬುದು ಸ್ಪಷ್ಟವಾಗದ ಅರ್ಜಿಯನ್ನು ವಿವರಣೆ ಕೋರಿ ಹಿಂದಿರುಗಿಸುವುದು ಅನಿವಾರ್ಯವಾಗುತ್ತದೆ. ವಿವರಣೆ ಬರುವಷ್ಟರಲ್ಲಿ ನಾಟಿಯ ಹಂಗಾಮು ಕಳೆದಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಒಂದು ಸಸ್ಯವೆಂದು ಭಾವಿಸಿ ಇನ್ನೊಂದನ್ನು ನೆಟ್ಟು, ಬೆಳೆಸಿ, ಒಣಗಿಸಿ, ಖರೀದಿದಾರರ ಬಾಗಿಲಿಗೆ ಒಯ್ದ ನಂತರ ಸರಕು ತಿರಸ್ಕೃತವಾಗುವುದು. ಲೆಕ್ಕದ ಪುಸ್ತಕದಲ್ಲಿ ಎರಡು ಖಾತೆಗಳಿಗೆ ಒಂದೇ ಶೀರ್ಷಿಕೆ ಕೊಟ್ಟರೆ ವರ್ಷಾಂತ್ಯದಲ್ಲಿ ಏನಾಗುವುದೋ ಇಲ್ಲಿಯೂ ಅದೇ ಆಗುತ್ತದೆ. ಆದುದರಿಂದ ನೀರುಬ್ರಾಹ್ಮಿಯನ್ನೂ ಅದು ಸೇರಿರುವ ಬ್ಯಾಕೋಪಾ ಎಂಬ ಕುಲವನ್ನೂ ಬರಿಗಣ್ಣಿನಿಂದ ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ಸಸ್ಯಶಾಸ್ತ್ರದ ಪದವಿ ಬೇಕಿಲ್ಲ. ತಂಬಾಕಿನ ಎಲೆಯನ್ನು ಬೆರಳುಗಳ ನಡುವೆ ಹಿಡಿದೇ ದರ್ಜೆ ಹೇಳಬಲ್ಲ ನಿಪ್ಪಾಣಿ ಭಾಗದ ರೈತರಿಗಂತೂ ಇದು ಕಷ್ಟದ ಕೆಲಸವಲ್ಲ.

ಹೆಸರಿನ ಗೊಂದಲ

ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲ್ಲೂಕಿಗೆ ಸೇರಿರುವ ಕೊಗನೊಳ್ಳಿಯಂತಹ ಗಡಿಗ್ರಾಮಗಳಲ್ಲಿ ಈ ಗೊಂದಲವು ಇಮ್ಮಡಿಯಾಗುತ್ತದೆ. ಇಲ್ಲಿ ಮನೆಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಸಂತೆ ವ್ಯಾಪಾರಕ್ಕೆ ನಿಪ್ಪಾಣಿಗೆ ಹೋದಂತೆಯೇ ಕಾಗಲ್, ಕೊಲ್ಹಾಪುರಗಳಿಗೂ ಜನರು ಹೋಗುತ್ತಾರೆ. ಮರಾಠಿಯಲ್ಲಿ ಸಾಮಾನ್ಯವಾಗಿ ಬ್ರಾಹ್ಮಿ ಎಂದರೆ ದುಂಡನೆಯ ಎಲೆಯ ಒಂದೆಲಗ. ಅದಕ್ಕೆ ಕಾರಿವಣಾ ಎಂಬ ಹೆಸರೂ ಇದೆ. ಕನ್ನಡದಲ್ಲಿ ಒಂದೆಲಗಕ್ಕೆ ಇಲಿಕಿವಿ, ಉರಗೆ ಎಂಬ ಹೆಸರುಗಳಿವೆ, ತುಳುವಿನಲ್ಲಿ ತಿಮರೆ ಎನ್ನುತ್ತಾರೆ. ಮಲೆನಾಡು, ಕರಾವಳಿಗಳಲ್ಲಿ ತಂಬುಳಿ, ಚಟ್ನಿ ಮಾಡುವುದು ಇದರಿಂದಲೇ. ಆದರೆ ಕಾಸರಗೋಡನ್ನು ದಾಟಿ ಕೇರಳದೊಳಕ್ಕೆ ಹೋದರೆ, ಅಲ್ಲಿ ಬ್ರಹ್ಮಿ ಎಂದರೆ ಚಿಕ್ಕ ದಪ್ಪ ಎಲೆಗಳ ನೀರುಬ್ರಾಹ್ಮಿ. ಒಂದೇ ಪದ ಹಿಡಿದು ಉತ್ತರದ ಗಡಿಯಿಂದ ದಕ್ಷಿಣದ ಗಡಿಗೆ ಹೋದವನ ಕೈಗೆ ಬೇರೆ ಸಸ್ಯ ಸಿಗುತ್ತದೆ.

ಗ್ರಂಥಗಳಲ್ಲಿಯೂ ಈ ಎರಡು ಹೆಸರುಗಳು ಬಹುಕಾಲದಿಂದ ಅಕ್ಕಪಕ್ಕದಲ್ಲಿಯೇ ಇವೆ. ಚರಕ ಸಂಹಿತೆಯಲ್ಲಿ ಹೇಳಿರುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಮಂಡೂಕಪರ್ಣಿ ಇದೆ. ಬ್ರಾಹ್ಮಿಯು ಬೇರೆಡೆ ಪ್ರತ್ಯೇಕವಾಗಿ ಬರುತ್ತದೆ. ಎರಡೂ ಬುದ್ಧಿಶಕ್ತಿಗೆ ಹಿತವೆಂದು ಹೇಳಲ್ಪಟ್ಟುದರಿಂದ ಮುಂದಿನ ಕಾಲದಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಬಳಸುವ ರೂಢಿ ಬೆಳೆಯಿತು. ಈ ಬಗ್ಗೆ ವೈದ್ಯರಲ್ಲಿ ಚರ್ಚೆ ನಡೆಯಬಹುದು, ಅರ್ಜಿದಾರರಿಗೆ ಅದರ ಅಗತ್ಯವಿಲ್ಲ. ಭಾರತ ಸರ್ಕಾರವು ಪ್ರಕಟಿಸಿರುವ ಭಾರತೀಯ ಆಯುರ್ವೇದ ಔಷಧಕೋಶವು ಬ್ರಾಹ್ಮಿ ಎಂದರೆ ಬ್ಯಾಕೋಪಾ ಮೊನ್ನಿಯೇರಿ, ಮಂಡೂಕಪರ್ಣಿ ಎಂದರೆ ಸೆಂಟೆಲ್ಲಾ ಏಷಿಯಾಟಿಕಾ ಎಂದು ನಿಗದಿಪಡಿಸಿದೆ. ಔಷಧ ತಯಾರಕರು ಇದನ್ನು ಅನುಸರಿಸಬೇಕಾಗಿರುವುದರಿಂದ ಕಚೇರಿಯ ವ್ಯವಹಾರದಲ್ಲಿಯೂ ಇದನ್ನೇ ಅನುಸರಿಸುವುದು ಕ್ಷೇಮ. ಪ್ರಯೋಗಾಲಯದಲ್ಲಿ ಎರಡನ್ನೂ ಬೇರ್ಪಡಿಸುವುದು ಸುಲಭ. ನೀರುಬ್ರಾಹ್ಮಿಯಲ್ಲಿ ಬ್ಯಾಕೋಸೈಡ್ ಎಂಬ ಸಂಯುಕ್ತಗಳಿವೆ, ಒಂದೆಲಗದಲ್ಲಿ ಅವುಗಳ ಬದಲು ಏಷಿಯಾಟಿಕೋಸೈಡ್ ಮುಂತಾದವು ಇವೆ. ಪುಡಿ ಮಾಡಿ ಚೀಲಕ್ಕೆ ತುಂಬಿದ ಮೇಲೆ ಕಣ್ಣಿಗೆ ಕಾಣದ ತಪ್ಪು ಪರೀಕ್ಷೆಯಲ್ಲಿ ಕಾಣುತ್ತದೆ, ಆಗ ಹೊಣೆ ಬೆಳೆದವರ ಮೇಲೆಯೇ ಬೀಳುತ್ತದೆ.

ಬ್ಯಾಕೋಪಾ ಕುಲ

ಬ್ಯಾಕೋಪಾ ಎಂಬ ಹೆಸರನ್ನು 1775ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಆಬ್ಲೆಯು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಸಸ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಬಳಸಿದನು. ಈ ಕುಲದ ಬಹುಪಾಲು ಪ್ರಭೇದಗಳು ಅಮೆರಿಕ ಖಂಡಗಳವು. ನಮ್ಮ ನೀರುಬ್ರಾಹ್ಮಿಯು ಮಾತ್ರ ಏಷ್ಯಾ, ಆಫ್ರಿಕ, ಅಮೆರಿಕ, ಆಸ್ಟ್ರೇಲಿಯಗಳ ಬೆಚ್ಚನೆಯ ಪ್ರದೇಶಗಳಲ್ಲೆಲ್ಲ ಕಂಡುಬರುವ ಸಸ್ಯ. ಇದನ್ನು 1756ರಲ್ಲಿ ಲಿನೇಯಸ್ ಬೇರೊಂದು ಕುಲದಲ್ಲಿಟ್ಟು ವರ್ಣಿಸಿದ್ದನು. ಮೊನ್ನಿಯೇರಿ ಎಂಬುದು ಫ್ರೆಂಚ್ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ಲೆ ಮೊನ್ನಿಯೆಯ ಹೆಸರಿನಿಂದ ಬಂದುದು. ಈಗಿನ ಪೂರ್ಣ ಹೆಸರು 1891ರಿಂದ ಬಳಕೆಯಲ್ಲಿದೆ. ಹಳೆಯ ಪುಸ್ತಕಗಳಲ್ಲಿ ಹರ್ಪೆಸ್ಟಿಸ್ ಮೊನ್ನಿಯೇರಾ ಎಂದಿದ್ದರೆ ಅದೂ ಇದೇ ಸಸ್ಯವೆಂದು ತಿಳಿಯತಕ್ಕದ್ದು. ಮೊದಲು ಸ್ಕ್ರೋಫುಲೇರಿಯೇಸೀ ಕುಟುಂಬದಲ್ಲಿ ಎಣಿಸುತ್ತಿದ್ದರು. ಈಗ ಇಸಬಗೋಲಿನ ಕುಟುಂಬವಾದ ಪ್ಲಾಂಟಜಿನೇಸೀಯಲ್ಲಿ ಸೇರಿಸಿದ್ದಾರೆ. ಒಂದೆಲಗವಾದರೋ ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದುದು. ಎರಡರ ನಡುವಿನ ದೂರ ಇದರಿಂದಲೇ ತಿಳಿಯುತ್ತದೆ.

ಈ ಕುಲದ ಸಸ್ಯಗಳು ಉಭಯವಾಸಿಗಳು. ಕೆರೆಯಂಚಿನ ಕೆಸರಿನಲ್ಲಿ ನೆಲಕ್ಕೆ ಅಂಟಿ ಹರಡುತ್ತವೆ, ನೀರು ಏರಿದಾಗ ಮುಳುಗಿಯೂ ಬದುಕುತ್ತವೆ, ನೀರು ಇಳಿದಾಗ ಮತ್ತೆ ನೆಲದ ಸಸ್ಯವಾಗುತ್ತವೆ. ಅಕ್ವೇರಿಯಂ ಹಾಗೂ ಉದ್ಯಾನದ ಕೊಳಗಳಲ್ಲಿ ಇವು ಜನಪ್ರಿಯವಾಗಿರುವುದಕ್ಕೆ ಇದೇ ಕಾರಣ. ಗುರುತಿಸುವಲ್ಲಿ ತೊಡಕಾಗುವುದಕ್ಕೂ ಇದೇ ಕಾರಣ. ನೆಲದ ಮೇಲೆ ದಪ್ಪನಾಗಿ, ಒತ್ತೊತ್ತಾಗಿ ಇರುವ ಎಲೆಗಳು ನೀರಿನೊಳಗೆ ತೆಳ್ಳಗಾಗುತ್ತವೆ, ಗೆಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ, ದಂಟು ನೆಟ್ಟಗೆ ಮೇಲಕ್ಕೆ ಏಳುತ್ತದೆ. ಒಂದೇ ಬಳ್ಳಿಯ ಎರಡು ತುಂಡುಗಳನ್ನು, ಒಂದನ್ನು ಗದ್ದೆಯಿಂದಲೂ ಇನ್ನೊಂದನ್ನು ಗಾಜಿನ ತೊಟ್ಟಿಯಿಂದಲೂ ತಂದು ಮೇಜಿನ ಮೇಲಿಟ್ಟರೆ ಬೇರೆ ಬೇರೆ ಸಸ್ಯಗಳೆಂದೇ ತೋರುತ್ತದೆ.

ಗುರುತಿಸುವ ಕ್ರಮ

ಮೊದಲು ನೋಡಬೇಕಾದುದು ಎಲೆಯನ್ನಲ್ಲ, ಗೆಣ್ಣನ್ನು. ನೀರುಬ್ರಾಹ್ಮಿಯ ಪ್ರತಿ ಗೆಣ್ಣಿನಲ್ಲಿ ಎರಡು ಎಲೆಗಳು ಎದುರುಬದುರಾಗಿರುತ್ತವೆ. ಅವುಗಳಿಗೆ ತೊಟ್ಟು ಇರುವುದಿಲ್ಲ, ದಂಟಿಗೇ ನೇರವಾಗಿ ಕೂಡಿಕೊಂಡಿರುತ್ತವೆ. ಒಂದೆಲಗದಲ್ಲಿ ಬಳ್ಳಿಯ ಗೆಣ್ಣಿನಿಂದ ಉದ್ದನೆಯ ತೊಟ್ಟು ಮೇಲೆದ್ದು ಅದರ ತುದಿಯಲ್ಲಿ ಮೂತ್ರಪಿಂಡದ ಆಕಾರದ, ಅಂಚು ಕಚ್ಚಿದಂತಿರುವ ಅಗಲವಾದ ಎಲೆ ಇರುತ್ತದೆ. ಈ ಒಂದು ಪರೀಕ್ಷೆಯಲ್ಲಿಯೇ ಎರಡು "ಬ್ರಾಹ್ಮಿ"ಗಳು ಬೇರೆಯಾಗುತ್ತವೆ. ಅರ್ಜಿಗಳಲ್ಲಿನ ಗೊಂದಲದ ಹೆಚ್ಚಿನ ಪಾಲು ಇಷ್ಟರಿಂದಲೇ ನಿವಾರಣೆಯಾಗತಕ್ಕದ್ದು.

ಎರಡನೆಯದಾಗಿ ಎಲೆಯನ್ನು ಕಿತ್ತು ಬೆಳಕಿಗೆ ಹಿಡಿಯಬೇಕು. ನೀರುಬ್ರಾಹ್ಮಿಯ ಎಲೆಯು ಸಾಮಾನ್ಯವಾಗಿ 1ರಿಂದ 2 ಸೆಂ.ಮೀ. ಉದ್ದವಿದ್ದು, ಬುಡದಲ್ಲಿ ಕಿರಿದಾಗಿ ತುದಿಯ ಕಡೆಗೆ ಅಗಲವಾಗಿ, ಚಿಕ್ಕ ಚಮಚದಂತೆ ಕಾಣುತ್ತದೆ. ತುದಿ ದುಂಡಗಿರುತ್ತದೆ. ಅಂಚು ನಯವಾಗಿರುತ್ತದೆ ಅಥವಾ ತುದಿಯ ಬಳಿ ಒಂದೆರಡು ಹಲ್ಲುಗಳಿರಬಹುದು. ನಡುವಿನ ಒಂದು ನರವನ್ನು ಬಿಟ್ಟರೆ ಬೇರೆ ನರಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಎಲೆಯ ಕೆಳಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳಿರುತ್ತವೆ. ಸಾಧಾರಣ ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತವೆ. ಎಲೆ, ದಂಟು ಎರಡೂ ರಸಭರಿತವಾಗಿದ್ದು ರೋಮಗಳಿರುವುದಿಲ್ಲ. ಗೆಣ್ಣುಗಳಲ್ಲಿ ಬೇರು ಬಿಟ್ಟಿರುತ್ತದೆ. ಬಿತ್ತನೆಗೆ ಬೀಜದ ಬದಲು ದಂಟಿನ ತುಂಡುಗಳನ್ನು ಬಳಸುವುದು ಇದರಿಂದಲೇ ಸಾಧ್ಯವಾಗಿದೆ.

ಹೂವು ಸಿಕ್ಕರೆ ಅನುಮಾನಕ್ಕೆ ಅವಕಾಶವೇ ಉಳಿಯುವುದಿಲ್ಲ. ಎಲೆಯ ಕಂಕುಳಿನಿಂದ ಒಂದೊಂದೇ ಹೂವು ತೆಳುವಾದ ತೊಟ್ಟಿನ ಮೇಲೆ ಬರುತ್ತದೆ. ತೊಟ್ಟು ಅನೇಕ ವೇಳೆ ಎಲೆಗಿಂತ ಉದ್ದವಾಗಿರುತ್ತದೆ. ಹೂವು ಸುಮಾರು 1 ಸೆಂ.ಮೀ. ಅಗಲ, ಬಿಳಿ ಅಥವಾ ತಿಳಿನೇರಳೆ ಬಣ್ಣ. ಐದು ಎಸಳುಗಳು ಹೆಚ್ಚುಕಡಿಮೆ ಸಮನಾಗಿ ಹರಡಿಕೊಂಡಿರುತ್ತವೆ, ಒಳಗೆ ನಾಲ್ಕು ಕೇಸರಗಳಿರುತ್ತವೆ. ಹೂವನ್ನು ಹಿಂದಕ್ಕೆ ತಿರುಗಿಸಿ ನೋಡಿದರೆ ಐದು ಪುಷ್ಪಪತ್ರಗಳು ಒಂದೇ ಅಳತೆಯಲ್ಲಿಲ್ಲದಿರುವುದು ತಿಳಿಯುತ್ತದೆ: ಹೊರಗಿನದು ಅಗಲ, ಒಳಗಿನವು ಕಿರಿದು. ಅವುಗಳ ಕೆಳಗೆ ಎರಡು ಪುಟ್ಟ ಉಪಪತ್ರಗಳಿರುತ್ತವೆ. ಕಾಯಿಯು ಪುಷ್ಪಪತ್ರಗಳ ನಡುವೆಯೇ ಇರುವ ಚಿಕ್ಕ ಚೂಪಾದ ಸಂಪುಟ.

ರುಚಿಯೂ ಒಂದು ಲಕ್ಷಣ. ನೀರುಬ್ರಾಹ್ಮಿ ಸ್ಪಷ್ಟವಾಗಿ ಕಹಿ. ಆದರೆ ಮೇಲೆ ಹೇಳಿದ ಇತರ ಲಕ್ಷಣಗಳೆಲ್ಲವೂ ಹೊಂದಿದ ನಂತರ, ಶುದ್ಧ ನೀರಿನಲ್ಲಿ ಬೆಳೆದ ಸಸ್ಯದ ತೊಳೆದ ಎಲೆಯನ್ನು ನಾಲಗೆಯ ತುದಿಗೆ ಮುಟ್ಟಿಸಿ ಉಗುಳುವಷ್ಟಕ್ಕೆ ಮಾತ್ರ ಈ ಪರೀಕ್ಷೆಯನ್ನು ಸೀಮಿತಗೊಳಿಸುವುದು. ಹಳ್ಳದಲ್ಲಿ ಕಂಡ ಹಸಿರನ್ನೆಲ್ಲ ಅಗಿದು ನೋಡುವ ಅಭ್ಯಾಸ ಸಲ್ಲದು.

ಅಕ್ವೇರಿಯಂ ಅಂಗಡಿಯ ಬ್ಯಾಕೋಪಾ

ನೀರುಬ್ರಾಹ್ಮಿಯ ಸಸಿ ಸಿಗದಿದ್ದಾಗ ಅಕ್ವೇರಿಯಂ ಅಂಗಡಿಯಿಂದ "ಬ್ಯಾಕೋಪಾ" ಎಂಬ ಚೀಟಿಯಿರುವ ಕಟ್ಟನ್ನು ತಂದು ಬೆಳೆಸಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಈ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯಕ, ಏಕೆಂದರೆ ಚೀಟಿಯಲ್ಲಿರುವ ಕುಲದ ಹೆಸರು ಸರಿಯಾಗಿದ್ದರೂ ಪ್ರಭೇದ ಬೇರೆಯಾಗಿರುವ ಸಾಧ್ಯತೆ ಇದೆ.

ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಇನ್ನೊಂದು ಪ್ರಭೇದವು ಬ್ಯಾಕೋಪಾ ಕ್ಯಾರೊಲಿನಿಯಾನಾ. ಇದು ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಗ್ನೇಯ ಭಾಗದ ಸಸ್ಯ. ಇದರ ಎಲೆಗಳು ಅಗಲವಾಗಿದ್ದು ಬುಡವು ದಂಟನ್ನು ಅಪ್ಪಿಕೊಂಡಂತಿರುತ್ತದೆ. ಬುಡದಿಂದಲೇ ಹೊರಟ ಹಲವು ನರಗಳು ಬೆಳಕಿಗೆ ಹಿಡಿದಾಗ ಕಾಣುತ್ತವೆ. ಎಳೆಯ ದಂಟಿನ ಮೇಲೆ ರೋಮಗಳಿರುತ್ತವೆ, ಹೂವು ನೀಲಿ. ಪ್ರಖರ ಬೆಳಕಿನಲ್ಲಿ ಎಲೆಗಳಿಗೆ ತಾಮ್ರದ ಛಾಯೆ ಬರುತ್ತದೆ. ಎಲ್ಲಕ್ಕಿಂತ ಸುಲಭವಾದ ಪರೀಕ್ಷೆ ಮೂಗಿನದು: ಎಲೆಯನ್ನು ಹೊಸಕಿದರೆ ನಿಂಬೆಯ ಪರಿಮಳ ಬರುತ್ತದೆ. ನೀರುಬ್ರಾಹ್ಮಿಯನ್ನು ಎಷ್ಟು ಹೊಸಕಿದರೂ ಆ ವಾಸನೆ ಇರುವುದಿಲ್ಲ. ನಿಂಬೆಯ ಪರಿಮಳವಿರುವುದು ಉತ್ತಮ ತಳಿಯ ಲಕ್ಷಣವೆಂದು ಯಾರಾದರೂ ಹೇಳಿದಲ್ಲಿ ನಂಬತಕ್ಕದ್ದಲ್ಲ. ಅದು ತಳಿಯಲ್ಲ, ಬೇರೆಯೇ ಸಸ್ಯ. ಔಷಧಕೋಶದ ಬ್ರಾಹ್ಮಿಗೆ ಅದು ಬದಲಿಯಾಗುವುದಿಲ್ಲ. ದಕ್ಷಿಣ ಅಮೆರಿಕದ ಬ್ಯಾಕೋಪಾ ಆಸ್ಟ್ರೇಲಿಸ್ ಎಂಬ ತೆಳುದಂಟಿನ ಪ್ರಭೇದವೂ ಈ ವ್ಯಾಪಾರದಲ್ಲಿದೆ.

ಇನ್ನೂ ಒಂದು ತೊಡಕು ವ್ಯಾಪಾರದ ಹೆಸರಿನದು. ನೀರುಬ್ರಾಹ್ಮಿಯನ್ನು ಅಕ್ವೇರಿಯಂ ವ್ಯಾಪಾರಿಗಳು ಮನಿವರ್ಟ್ ಎಂದು ಕರೆಯುತ್ತಾರೆ. ಅದೇ ಹೆಸರಿನಲ್ಲಿ ಲೈಸಿಮೇಕಿಯ ನಮ್ಮುಲೇರಿಯ ಎಂಬ ಯೂರೋಪಿನ ಕೊಳದಂಚಿನ ಸಸ್ಯವನ್ನೂ ಮಾರುತ್ತಾರೆ. ಅದರ ಎಲೆ ನಾಣ್ಯದಂತೆ ದುಂಡಗಿದ್ದು ಹೂವು ಹಳದಿ. ಎದುರುಬದುರು ಎಲೆಗಳಿರುವ ಲಡ್ವಿಜಿಯಾ, ರೋಟಾಲಾ, ಹೈಗ್ರೋಫಿಲಾಗಳೂ ನೀರಿನೊಳಗೆ ಇರುವಾಗ ಹೊಸಬರನ್ನು ಏಮಾರಿಸುತ್ತವೆ.

ನೀರಿನಲ್ಲಿ ಮುಳುಗಿರುವ ತುಂಡನ್ನು ಮಾತ್ರ ನೋಡಿ ಪ್ರಭೇದವನ್ನು ನಿರ್ಧರಿಸುವುದು ತಜ್ಞರಿಗೂ ಕಷ್ಟ. ಆದುದರಿಂದ ಅದನ್ನು ನೀರಿನಿಂದ ಹೊರತಂದು ಹೂ ಬಿಡಿಸುವುದೇ ಸರಿಯಾದ ಮಾರ್ಗ. ತಟ್ಟೆಯೊಂದರಲ್ಲಿ ಎರಡು ಬೆರಳಿನಷ್ಟು ಕೆಸರುಮಣ್ಣು ಹಾಕಿ, ಮೂರು ನಾಲ್ಕು ಗೆಣ್ಣುಗಳಿರುವ ತುಂಡುಗಳನ್ನು ನೆಟ್ಟು, ಮಣ್ಣು ಸದಾ ಒದ್ದೆಯಾಗಿರುವಂತೆ ನೋಡಿಕೊಳ್ಳುವುದು. ಮೊದಲ ಕೆಲವು ದಿನ ತೆಳುವಾದ ಪ್ಲಾಸ್ಟಿಕ್ ಹೊದಿಕೆ ಮುಚ್ಚಿಡಬೇಕು. ನೀರಿನೊಳಗಿನ ಎಲೆಗಳಿಗೆ ಒಣಗಾಳಿ ತಡೆಯುವ ಶಕ್ತಿ ಇರುವುದಿಲ್ಲ. ನಂತರ ಹೊದಿಕೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಬಂದು ಬಿಸಿಲಿಗೆ ಒಡ್ಡುವುದು. ಹಳೆಯ ಎಲೆಗಳು ಬಾಡಿ ಉದುರಿದರೆ ಗಾಬರಿಯಾಗಬೇಕಿಲ್ಲ. ಹೊಸದಾಗಿ ಬರುವ ಎಲೆಗಳು ನೆಲದ ಎಲೆಗಳಾಗಿರುತ್ತವೆ, ಗುರುತಿಸಲು ಬೇಕಾದವು ಅವೇ. ಹೂವು ಬರುವವರೆಗೆ ಕಾಯುವ ತಾಳ್ಮೆ ಬೇಕು. ಆ ಕಾಯುವಿಕೆಯ ಖರ್ಚು ಒಂದು ತಟ್ಟೆ ಮಣ್ಣು ಮಾತ್ರ.

ಬದುವಿನ ಮೇಲಿನ ಹೋಲಿಕೆ ಸಸ್ಯಗಳು

ಹೊಲದ ಬದು, ಕಾಲುವೆಯ ಅಂಚುಗಳಿಂದ ಸಂಗ್ರಹಿಸುವವರು ಮುಖ್ಯವಾಗಿ ಎಚ್ಚರ ವಹಿಸಬೇಕಾದುದು ಮೆಕಾರ್ಡೋನಿಯ ಪ್ರೊಕಂಬೆನ್ಸ್ ಎಂಬ ಕಳೆಯ ಬಗ್ಗೆ. ಇದೂ ಅಮೆರಿಕದಿಂದ ಬಂದುದು, ಹಿಂದೆ ಇದನ್ನೂ ಬ್ಯಾಕೋಪಾ ಎಂದೇ ಹೆಸರಿಸಲಾಗಿತ್ತು. ಆದುದರಿಂದ ಹಳೆಯ ಪುಸ್ತಕ ನೋಡಿ ಗುರುತಿಸಿದವರು "ಇದು ಬ್ಯಾಕೋಪಾ" ಎಂದರೆ ಅದು ಪೂರ್ತಿ ಸುಳ್ಳೂ ಆಗುವುದಿಲ್ಲ, ಅರ್ಜಿದಾರರಿಗೆ ಪ್ರಯೋಜನವೂ ಆಗುವುದಿಲ್ಲ. ಇದರ ಎಲೆಯಂಚು ಗರಗಸದಂತೆ ಹಲ್ಲುಹಲ್ಲಾಗಿರುತ್ತದೆ, ಹೂವು ಹಳದಿ, ದಂಟಿಗೆ ಮೂಲೆಗಳಿರುತ್ತವೆ, ಒಣಗಿದಾಗ ಸಸ್ಯವೆಲ್ಲ ಕಪ್ಪಾಗುತ್ತದೆ.

ಗೋಣಿ ಸೊಪ್ಪಿನ ಎಲೆಯೂ ದಪ್ಪನಾಗಿ ಚಮಚದಂತಿದ್ದು ದೂರದಿಂದ ನೀರುಬ್ರಾಹ್ಮಿಯನ್ನು ಹೋಲುತ್ತದೆ. ಆದರೆ ಅದರ ಹೂವು ಹಳದಿ, ರುಚಿ ಹುಳಿ. ನೆಲಹಿಪ್ಪಲಿಯ ಎಲೆಯ ಮೇಲರ್ಧದಲ್ಲಿ ಚೂಪಾದ ಹಲ್ಲುಗಳಿದ್ದು ಮುಟ್ಟಿದರೆ ಒರಟು, ಪುಟ್ಟ ಹೂಗಳು ಉದ್ದ ತೊಟ್ಟಿನ ತುದಿಯಲ್ಲಿ ಗುಂಡಿಯಂತೆ ಒತ್ತೊತ್ತಾಗಿರುತ್ತವೆ. ಹೊನಗೊನ್ನೆಯಲ್ಲಿ ಎಲೆಯ ಕಂಕುಳಿನಲ್ಲೇ ಬಿಳಿಯ ಒಣ ಕಾಗದದಂತಹ ಹೂಗುಚ್ಛ ಇರುತ್ತದೆ. ಇವು ಮೂರೂ ನಮ್ಮ ಜನರಿಗೆ ಪರಿಚಿತವಾದವು, ಹೆಚ್ಚು ಹೇಳಬೇಕಿಲ್ಲ.

ಎಲ್ಲಿಂದ ಸಂಗ್ರಹಿಸಬಾರದು

ನೀರುಬ್ರಾಹ್ಮಿಗೆ ಒಂದು ಗುಣವಿದೆ. ತಾನು ಬೆಳೆಯುವ ನೀರಿನಲ್ಲಿರುವ ಕ್ಯಾಡ್ಮಿಯಂ, ಕ್ರೋಮಿಯಂ, ಸೀಸ, ಪಾದರಸ ಮುಂತಾದ ಭಾರಲೋಹಗಳನ್ನು ಅದು ಹೀರಿ ತನ್ನಲ್ಲಿ ಶೇಖರಿಸಿಕೊಳ್ಳುತ್ತದೆ. ಮಲಿನ ನೀರನ್ನು ಶುದ್ಧೀಕರಿಸಲು ಈ ಸಸ್ಯವನ್ನು ಬಳಸಬಹುದೇ ಎಂದು ವಿಜ್ಞಾನಿಗಳು ಪರೀಕ್ಷಿಸಿರುವುದು ಇದೇ ಗುಣದಿಂದಾಗಿ. ನೀರಿಗೆ ಒಳ್ಳೆಯದಾದ ಈ ಗುಣ ತಿನ್ನುವವರಿಗೆ ಅಪಾಯಕರ. ಪಟ್ಟಣದ ಚರಂಡಿ ಸೇರುವ ಹಳ್ಳ, ಕಾರ್ಖಾನೆಯ ತ್ಯಾಜ್ಯ ಹರಿಯುವ ಕಾಲುವೆ, ಹೆದ್ದಾರಿಯ ಪಕ್ಕದ ನಿಂತ ನೀರು, ಇಂತಹ ಸ್ಥಳಗಳಲ್ಲಿ ಸಸ್ಯವು ಹುಲುಸಾಗಿ ಬೆಳೆದಿದ್ದರೂ ಮನೆಯ ಬಳಕೆಗಾಗಲಿ ಮಾರಾಟಕ್ಕಾಗಲಿ ಸಂಗ್ರಹಿಸತಕ್ಕದ್ದಲ್ಲ. ಸಸ್ಯವು ಹಸಿರಾಗಿ ಸೊಂಪಾಗಿರುವುದು ಅದು ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಕೊಗನೊಳ್ಳಿಯ ಸುತ್ತಮುತ್ತಲಿನವರು ಇದನ್ನು ವಿಶೇಷವಾಗಿ ಗಮನಿಸುವುದು.

ಅಕ್ವೇರಿಯಂನಿಂದ ತೆಗೆದ ಸಸ್ಯವನ್ನು ಯಾವ ಕಾರಣಕ್ಕೂ ಸೇವಿಸಬಾರದು. ಮೀನುಗಳ ರೋಗಕ್ಕೆ ತಾಮ್ರದ ಲವಣ, ಮ್ಯಾಲಕೈಟ್ ಗ್ರೀನ್ ಮುಂತಾದ ರಾಸಾಯನಿಕಗಳನ್ನು ತೊಟ್ಟಿಯ ನೀರಿಗೆ ಬೆರೆಸುವುದುಂಟು. ಮಕ್ಕಳ ನೆನಪಿನ ಶಕ್ತಿಗೆಂದು ಸೊಪ್ಪು ತಿನ್ನಿಸುವ ತಂದೆತಾಯಂದಿರು ಶುದ್ಧ ಮಣ್ಣಿನಲ್ಲಿ, ಕುಡಿಯುವ ನೀರಿನಲ್ಲಿ ತಾವೇ ಬೆಳೆಸಿದ ಸಸ್ಯವನ್ನು, ಅದೂ ವೈದ್ಯರ ಸಲಹೆ ಪಡೆದು, ಬಳಸುವುದು ಉಚಿತ. ಗರ್ಭಿಣಿಯರು ಹಾಗೂ ಇತರ ಔಷಧಗಳನ್ನು ತೆಗೆದುಕೊಳ್ಳುತ್ತಿರುವವರು ಸ್ವಂತ ನಿರ್ಧಾರದಿಂದ ಸೇವಿಸಬಾರದು.

ದೂಧಗಂಗಾ, ವೇದಗಂಗಾ ನದಿಗಳ ದಡದ ಜಮೀನುಗಳಲ್ಲಿ ಇನ್ನೊಂದು ಸಂಗತಿ ಇದೆ. 2019 ಮತ್ತು 2021ರ ಪ್ರವಾಹಗಳಲ್ಲಿ ಈ ಭಾಗದ ನದಿಗಳು ಉಕ್ಕಿ ಹರಿದುದನ್ನು ಎಲ್ಲರೂ ಬಲ್ಲರು. 2021ರಲ್ಲಿ ಯಮಗರ್ಣಿಯ ಬಳಿ ವೇದಗಂಗೆಯ ನೀರು ಹೆದ್ದಾರಿಯ ಮೇಲೆಯೇ ಹರಿದು ಸಂಚಾರ ನಿಂತಿತ್ತು. ಇಂತಹ ಪ್ರವಾಹದ ನಂತರ ಜಮೀನಿನಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಜಲಸಸ್ಯಗಳು ಎಲ್ಲಿಂದ ಬಂದವೆಂದು ಹೇಳಲಾಗುವುದಿಲ್ಲ. ಅವುಗಳಲ್ಲಿ ನೀರುಬ್ರಾಹ್ಮಿಯಂತೆ ತೋರುವುದನ್ನು ಹೂ ಬಿಡುವವರೆಗೆ ಪ್ರತ್ಯೇಕವಾಗಿಟ್ಟು ಪರಿಶೀಲಿಸದೆ ಬೆಳೆಯ ಮಡಿಗೆ ಸೇರಿಸಬಾರದು. ತುಂಡಾದ ಪ್ರತಿ ಗೆಣ್ಣೂ ಬೇರು ಬಿಡುವ ಸಸ್ಯಗಳಿವು. ಒಮ್ಮೆ ಬೆರೆತರೆ ಆರಿಸಿ ತೆಗೆಯುವ ಕೂಲಿಯೇ ಬೆಳೆಯ ಬೆಲೆಯನ್ನು ಮೀರುತ್ತದೆ. ಇದೇ ಕಾರಣಕ್ಕೆ ಬೇಡವಾದ ಅಕ್ವೇರಿಯಂ ಸಸ್ಯಗಳನ್ನು ಕೆರೆ, ಬಾವಿ, ಹೊಳೆಗಳಿಗೆ ಎಸೆಯದೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕುವಂತೆ ಕೋರಲಾಗಿದೆ.

ಜವಳು ಭೂಮಿಯ ಬಗ್ಗೆ

ಅಥಣಿ, ರಾಯಬಾಗ, ಕಾಗವಾಡ, ಚಿಕ್ಕೋಡಿ ಭಾಗಗಳಲ್ಲಿ ಕಬ್ಬಿಗೆ ವರ್ಷಗಟ್ಟಲೆ ನೀರು ಹಾಯಿಸಿ ಜವಳಾದ ಕಪ್ಪು ಭೂಮಿ ಸಾಕಷ್ಟಿದೆ. ನೀರುಬ್ರಾಹ್ಮಿಯು ಸದಾ ತೇವವಿರುವ ನೆಲದಲ್ಲಿ, ಸ್ವಲ್ಪ ಉಪ್ಪಿರುವ ನೀರಿನಲ್ಲಿಯೂ ಬೆಳೆಯಬಲ್ಲದು ಎಂಬ ಕಾರಣದಿಂದ ಇಂತಹ ಭೂಮಿಗೆ ಇದು ಪರಿಹಾರವೆಂಬ ಅಭಿಪ್ರಾಯ ಕೇಳಿಬರುತ್ತದೆ. ಸಸ್ಯವು ಬದುಕುವುದು ಬೇರೆ, ಬೆಳೆಯು ಲಾಭ ಕೊಡುವುದು ಬೇರೆ. ಇದರ ಖರೀದಿದಾರರು ಕೆಲವರೇ. ಎಪಿಎಂಸಿ ಪ್ರಾಂಗಣಕ್ಕೆ ಒಯ್ದು ಅಂದೇ ಮಾರಿಬರುವ ಸರಕು ಇದಲ್ಲ. ಹಸಿ ಸೊಪ್ಪಿನಲ್ಲಿ ಬಹುಭಾಗ ನೀರೇ ಇರುವುದರಿಂದ ಒಣಗಿದ ನಂತರದ ತೂಕವನ್ನು ಲೆಕ್ಕ ಹಿಡಿದೇ ಆದಾಯವನ್ನು ಅಂದಾಜು ಮಾಡತಕ್ಕದ್ದು. ಲಿಖಿತ ಖರೀದಿ ಒಪ್ಪಂದ ಕೈಗೆ ಬರುವ ಮೊದಲು ಕೆಲವು ಗುಂಟೆಗಳಿಗಿಂತ ಹೆಚ್ಚು ಪ್ರದೇಶದಲ್ಲಿ ನಾಟಿ ಮಾಡದಿರುವುದು ಜಾಣತನ. ಲಖನೌದ ಕೇಂದ್ರೀಯ ಔಷಧೀಯ ಹಾಗೂ ಸುಗಂಧ ಸಸ್ಯಗಳ ಸಂಸ್ಥೆಯು ಈ ಬೆಳೆಯಲ್ಲಿ ಪ್ರಜ್ಞಾಶಕ್ತಿ, ಸುಬೋಧಕ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ; ತಳಿಯ ಹೆಸರು ಹೇಳಿ ಮಾರುವವರಿಂದ ಮೂಲದ ದಾಖಲೆಯನ್ನು ಕೇಳಿ ಪಡೆಯುವುದು.

ಮಾದರಿ ಸಿದ್ಧಪಡಿಸುವುದು ಹಾಗೂ ಅರ್ಜಿ

ಸ್ವತಃ ನಿರ್ಧರಿಸಲಾಗದಿದ್ದಲ್ಲಿ ಮಾದರಿಯೊಂದನ್ನು ಸಿದ್ಧಪಡಿಸಿ ತಜ್ಞರಿಗೆ ತೋರಿಸಬಹುದು. ಬೇರು, ದಂಟು, ಎಲೆ, ಹೂವು, ಸಾಧ್ಯವಾದರೆ ಕಾಯಿ ಇರುವ ಒಂದು ಗೇಣು ಉದ್ದದ ಬಳ್ಳಿಯನ್ನು ಕೆಸರು ತೊಳೆದು, ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಹರಡಿ, ಮೇಲೆ ಭಾರ ಇಡುವುದು. ರಸಭರಿತ ಸಸ್ಯವಾದುದರಿಂದ ಮೊದಲ ವಾರ ಪ್ರತಿದಿನವೂ ಹಾಳೆ ಬದಲಿಸಬೇಕು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಒಣಗಿದ ಮೇಲೆ ಹೂವಿನ ಬಣ್ಣ ಉಳಿಯುವುದಿಲ್ಲ. ಆದುದರಿಂದ ಸಂಗ್ರಹಿಸಿದ ದಿನಾಂಕ, ಗ್ರಾಮ, ಸರ್ವೆ ನಂಬರು, ನೆಲದಲ್ಲಿತ್ತೋ ನೀರಿನಲ್ಲಿತ್ತೋ ಎಂಬುದು, ಹೂವಿನ ಬಣ್ಣ, ಹೊಸಕಿದಾಗಿನ ವಾಸನೆ ಇವುಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡುವುದು. ಛಾಯಾಚಿತ್ರ ತೆಗೆಯುವವರು ಇಡೀ ಮಡಿಯ ಚಿತ್ರವನ್ನಷ್ಟೇ ತೆಗೆಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಗೆಣ್ಣಿನ ಸಮೀಪದ ಒಂದು, ಎಲೆಯ ಕೆಳಮೈಯ ಒಂದು, ಹೂವಿನ ಮುಂಭಾಗ ಹಾಗೂ ಹಿಂಭಾಗದ ಒಂದೊಂದು ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ ಅಥವಾ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆದರೆ ಸಾಕು.

ಬೆಳಗಾವಿ ಜಿಲ್ಲೆಯವರು ಈ ಬಗ್ಗೆ ಗೋಕಾಕ ಭಾಗದ ಅರಭಾವಿಯಲ್ಲಿರುವ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಬೆಳಗಾವಿ ನಗರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆಯಿದೆ. 2006ರಲ್ಲಿ ಪ್ರಾದೇಶಿಕ ಸಂಶೋಧನಾ ಕೇಂದ್ರವಾಗಿ ಆರಂಭವಾದ ಸದರಿ ಸಂಸ್ಥೆಯು ಔಷಧಿ ಸಸ್ಯಗಳ ಅಧ್ಯಯನ ನಡೆಸುತ್ತಿದೆ. ಕೊಗನೊಳ್ಳಿಯವರಿಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಅಲ್ಲಿಯ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರು ಕೊಲ್ಹಾಪುರ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು 2002ರಲ್ಲಿ ಹೊರತಂದಿದ್ದಾರೆ. ಸಸ್ಯಗಳಿಗೆ ರಾಜ್ಯದ ಗಡಿ ತಿಳಿಯದಾದುದರಿಂದ ಆ ಗ್ರಂಥವು ನಿಪ್ಪಾಣಿ ತಾಲ್ಲೂಕಿನವರಿಗೂ ಉಪಯುಕ್ತ.

ಅರ್ಜಿಯಲ್ಲಿ ಬೆಳೆಯ ಹೆಸರನ್ನು "ನೀರುಬ್ರಾಹ್ಮಿ, ಬ್ಯಾಕೋಪಾ ಮೊನ್ನಿಯೇರಿ" ಅಥವಾ "ಒಂದೆಲಗ, ಸೆಂಟೆಲ್ಲಾ ಏಷಿಯಾಟಿಕಾ" ಎಂದು ಪೂರ್ಣವಾಗಿ ಬರೆಯತಕ್ಕದ್ದು. ಬರಿಯ ಬ್ರಾಹ್ಮಿ ಎಂದಾಗಲಿ ಬರಿಯ ಬ್ಯಾಕೋಪಾ ಎಂದಾಗಲಿ ಬರೆಯಬಾರದು. ಸಸಿ ಖರೀದಿಸಿದ ನರ್ಸರಿಯ ಬಿಲ್ಲಿನಲ್ಲಿಯೂ ಇದೇ ಹೆಸರು ಇರುವಂತೆ ಖರೀದಿಯ ಸಮಯದಲ್ಲಿಯೇ ನೋಡಿಕೊಳ್ಳುವುದು; ಬಿಲ್ಲಿನ ಹೆಸರು ಒಂದು, ಅರ್ಜಿಯ ಹೆಸರು ಇನ್ನೊಂದು ಆದಲ್ಲಿ ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗೆ ವರದಿ ಬರೆಯುವುದು ಸಾಧ್ಯವಾಗುವುದಿಲ್ಲ. ಬೆಳೆ ಸಮೀಕ್ಷೆ ಹಾಗೂ ಪಹಣಿಯ ದಾಖಲೆಗೂ ಇದು ಅನ್ವಯಿಸುತ್ತದೆ. 2023ರಲ್ಲಿ ತಿದ್ದುಪಡಿಯಾದ ಜೈವಿಕ ವೈವಿಧ್ಯ ಕಾಯ್ದೆ, 2002ರಡಿ ಬೆಳೆಸಿದ ಔಷಧಿ ಸಸ್ಯಗಳಿಗೆ ನೀಡಿರುವ ವಿನಾಯಿತಿ ಪಡೆಯಲು ಸಸ್ಯದ ಮೂಲದ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಿಂದ ಪಡೆಯುವಾಗಲೂ ಹೆಸರು ತಾಳೆಯಾಗಬೇಕು. ಗಡಿಭಾಗದ ಅರ್ಜಿದಾರರು ಸಸ್ಯದ ಮರಾಠಿ ಹೆಸರನ್ನು ಹೆಚ್ಚುವರಿಯಾಗಿ ಬರೆದರೆ ಅಭ್ಯಂತರವಿಲ್ಲ.

ನೆರವಿನ ಯೋಜನೆಗಳ ಮಾರ್ಗಸೂಚಿಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆಯಾ ಸಾಲಿನಲ್ಲಿ ಯಾವ ಸಸ್ಯಗಳಿಗೆ ಅವಕಾಶವಿದೆ ಎಂಬುದನ್ನು ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ನಾಟಿಗೆ ಮೊದಲೇ ವಿಚಾರಿಸತಕ್ಕದ್ದು. ಅರ್ಜಿಯೊಂದಿಗೆ ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ, ನರ್ಸರಿ ಬಿಲ್ಲು ಹಾಗೂ ಮೇಲೆ ತಿಳಿಸಿದ ಛಾಯಾಚಿತ್ರಗಳನ್ನು ಲಗತ್ತಿಸಿದಲ್ಲಿ ಸಸ್ಯದ ಗುರುತಿನ ಬಗ್ಗೆ ಪ್ರತ್ಯೇಕ ಸ್ಪಷ್ಟೀಕರಣ ಕೇಳುವ ಸಂದರ್ಭ ಬರುವುದಿಲ್ಲ.